ಸಬ್ ರಿಜಿಸ್ಟ್ರಾರ್ ಕೇಳದ ಪ್ರಶ್ನೆ

ಮನೆ ಮಾರುವವರು ಎದುರಿಗೆ ಬಂದು ಕುಳಿತಾಗ ಸಬ್ ರಿಜಿಸ್ಟ್ರಾರ್ ಕೇಳುವುದು ಬಹುಮಟ್ಟಿಗೆ ಇಷ್ಟೇ: ‘ಈ ಪತ್ರ ನೀವೇ ಬರೆದುಕೊಟ್ಟಿದ್ದಾ? ಸಹಿ ನಿಮ್ಮದೇನಾ? ದುಡ್ಡು ಪೂರ್ತಿ ಬಂತಾ?’ ಹೌದು ಎಂದರೆ ಮುಂದೆ ಕ್ಯಾಮೆರಾ, ಹೆಬ್ಬೆಟ್ಟು, ಸಾಕ್ಷಿಗಳ ಸಹಿ. ಇಪ್ಪತ್ತು ವರ್ಷ ಕೂಡಿಟ್ಟ ಹಣ, ಮುಂದಿನ ಇಪ್ಪತ್ತು ವರ್ಷ ತೀರಿಸಬೇಕಾದ ಸಾಲ, ಎರಡೂ ಸೇರಿ ಕೊಂಡ ಮನೆ ಕಾಲು ಗಂಟೆಯಲ್ಲಿ ಕೈ ಬದಲಾಗುತ್ತದೆ. ‘ಈ ಮನೆ ನಿಜಕ್ಕೂ ನಿಮ್ಮದೇನಾ? ನಿಮಗೆ ಯಾರಿಂದ ಬಂತು? ಅಕ್ಕತಂಗಿಯರು ಒಪ್ಪಿದ್ದಾರಾ?’ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದು ಆ ಅಧಿಕಾರಿಯ ಅಸಡ್ಡೆಯಲ್ಲ. 1908ರ ನೋಂದಣಿ ಕಾಯ್ದೆಯ 34ನೇ ಕಲಂ ಅವರಿಗೆ ಒಪ್ಪಿಸಿರುವ ವಿಚಾರಣೆಯೇ ಅಷ್ಟು: ಪತ್ರ ಬರೆದುಕೊಟ್ಟವರು ಇವರೇ ಹೌದೇ, ಬರೆದುಕೊಟ್ಟದ್ದನ್ನು ಒಪ್ಪುತ್ತಾರೆಯೇ. ಮಾರುವವರ ಹಕ್ಕು ಸರಿಯಾಗಿದೆಯೇ ಎಂದು ಪರೀಕ್ಷಿಸುವ ಅಧಿಕಾರ ಆ ಕಾಯ್ದೆಯಡಿ ಉಪನೋಂದಣಾಧಿಕಾರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ತಮಿಳುನಾಡಿನ ಒಂದು ನಿಯಮವನ್ನು ರದ್ದುಮಾಡುವಾಗ ಸ್ಪಷ್ಟವಾಗಿ ಹೇಳಿತು. ಅಲ್ಲಿ ನೋಂದಣಿಯಾಗುವುದು ಪತ್ರ. ಮಾರುವವರಿಗೆ ಎಷ್ಟು ಹಕ್ಕು ಇತ್ತೋ ಅಷ್ಟೇ ಕೊಂಡವರಿಗೆ ಬರುತ್ತದೆ. ಅವರಿಗೆ ಅರ್ಧ ಪಾಲು ಮಾತ್ರ ಇದ್ದರೆ, ಪತ್ರದಲ್ಲಿ ಪೂರ್ತಿ ಮನೆ ಎಂದು ಬರೆದು ಸರ್ಕಾರಿ ಮೊಹರು ಬಿದ್ದಿದ್ದರೂ ನಿಮ್ಮ ಕೈ ಸೇರಿದ್ದು ಅರ್ಧವೇ.

ರಿಜಿಸ್ಟ್ರೇಷನ್ ದಿನದ ಬಗ್ಗೆ ಮನೆ ಕೊಳ್ಳುವ ಪ್ರತಿಯೊಬ್ಬರೂ ಮೊದಲು ತಿಳಿಯಬೇಕಾದ ಸಂಗತಿ ಇದು. ‘ಸರ್ಕಾರದವರೇ ನೋಂದಣಿ ಮಾಡಿಕೊಟ್ಟ ಮೇಲೆ ಎಲ್ಲ ಸರಿ ಇದ್ದಂತೆಯೇ ಅಲ್ಲವೇ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಓದಿದವರಲ್ಲೂ ಇದೆ, ಸಿವಿಲ್ ಕೋರ್ಟಿನ ಕಟ್ಟೆ ಹತ್ತಿ ಇಳಿದ ಅನೇಕರಲ್ಲೂ ಇತ್ತು.

ಅಮೆರಿಕದಲ್ಲಿ ಮನೆ ಕೊಂಡ ನಮ್ಮ ಮಕ್ಕಳು ಹೇಳುವ ಕ್ಲೋಸಿಂಗ್ ಬೇರೆಯೇ ರೀತಿಯದು. ಅಲ್ಲಿ ಸಾಮಾನ್ಯವಾಗಿ ಟೈಟಲ್ ಕಂಪನಿಯೋ ಎಸ್ಕ್ರೋ ಸಂಸ್ಥೆಯೋ ನಡುವೆ ನಿಂತು ಹಕ್ಕಿನ ಇತಿಹಾಸ ಹುಡುಕುತ್ತದೆ, ಎರಡೂ ಕಡೆಯ ಹಣ ಹಿಡಿದಿಟ್ಟುಕೊಳ್ಳುತ್ತದೆ, ಎಲ್ಲ ಸರಿಯಾದ ಮೇಲೆ ಹಂಚುತ್ತದೆ. ಹಕ್ಕಿನಲ್ಲಿ ದೋಷ ಕಂಡರೆ ನಷ್ಟ ತುಂಬಿಕೊಡಲು ವಿಮೆ ಇರುತ್ತದೆ. ಸಾಲ ಪಡೆದವರಿಗೆ ಅಂತಿಮ ಲೆಕ್ಕದ ಪಟ್ಟಿ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಕೈಸೇರಬೇಕೆಂಬ ನಿಯಮವೂ ಇದೆ. ಕರ್ನಾಟಕದಲ್ಲಿ ಮನೆ ಕೊಳ್ಳುವವರಿಗೆ ಇಂಥ ನಡುವಿನವರು ಯಾರೂ ಇಲ್ಲ. ಬ್ಯಾಂಕಿನ ವಕೀಲರು ಪತ್ರಗಳನ್ನು ನೋಡುತ್ತಾರೆ ನಿಜ. ಅವರು ನೋಡುವುದು ಬ್ಯಾಂಕಿನ ಸಾಲಕ್ಕೆ ಭದ್ರತೆ ಸಾಕೇ ಎಂದು. ನಿಮ್ಮ ಪರವಾಗಿ ನೋಡಲು ನೀವೇ ವಕೀಲರನ್ನು ಇಟ್ಟುಕೊಳ್ಳಬೇಕು. ಮನೆಯ ಬೆಲೆಯ ಎದುರು ಆ ಫೀಜು ಏನೇನೂ ಅಲ್ಲ. ಅದನ್ನು ಉಳಿಸಲು ಹೋಗಬೇಡಿ.

ವಾರ ಮೊದಲಿನ ಕೆಲಸ

2023ರಲ್ಲಿ ರಾಜ್ಯದಲ್ಲಿ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ರಿಜಿಸ್ಟ್ರೇಷನ್ ಕ್ರಮವೇ ಬದಲಾಗಿದೆ. ಮೊದಲಾದರೆ ಬೆಳಿಗ್ಗೆ ಹೋಗಿ ಟೋಕನ್ ಹಿಡಿದು, ಸರ್ವರ್ ಕೈಕೊಟ್ಟರೆ ಸಂಜೆಯವರೆಗೆ ಕಾದು, ಕೊನೆಗೆ ನಾಳೆ ಬನ್ನಿ ಅನ್ನಿಸಿಕೊಂಡು ಬರುವುದಿತ್ತು. ಈಗ ವಿವರಗಳನ್ನೂ ಕ್ರಯಪತ್ರದ ಕರಡನ್ನೂ ಆನ್‌ಲೈನಿನಲ್ಲೇ ಹಾಕಬೇಕು. ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಕಟ್ಟಿ, ದಿನ ಮತ್ತು ಸಮಯ ಗೊತ್ತುಮಾಡಿಕೊಳ್ಳಬೇಕು. 2024ರ ಸೆಪ್ಟೆಂಬರ್‌ನಿಂದ ಇಡೀ ರಾಜ್ಯದಲ್ಲಿ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಒಂದು ಕಚೇರಿಯಲ್ಲಿ ಸಮಯ ಸಿಗದಿದ್ದರೆ ಪಕ್ಕದ್ದನ್ನು ನೋಡಿ. ಆಷಾಢ ಬೇಡವೆಂದು ಶ್ರಾವಣಕ್ಕೆ ಕಾಯುವವರು, ರಾಹುಕಾಲ ತಪ್ಪಿಸಿ ಸಮಯ ಬೇಕೆನ್ನುವವರು ಇನ್ನಷ್ಟು ಮುಂಚೆಯೇ ಕೆಲಸ ಶುರುಮಾಡಬೇಕು.

ಅಂದರೆ ಕಚೇರಿಗೆ ಕಾಲಿಡುವ ಹೊತ್ತಿಗೆ ತೀರ್ಮಾನವಾಗಬೇಕಾದದ್ದೆಲ್ಲ ಆಗಿರುತ್ತದೆ. ಪತ್ರ ಬರಹಗಾರರೋ ವಕೀಲರೋ ಕರಡನ್ನು ಕಾವೇರಿಗೆ ಏರಿಸುವ ಮೊದಲು ನಿಮ್ಮ ಕೈಗೆ ಬರಬೇಕು. ‘ಎಲ್ಲ ಸ್ಟ್ಯಾಂಡರ್ಡ್ ಫಾರ್ಮ್ಯಾಟು ಸಾರ್, ನೋಡೋದೇನಿಲ್ಲ’ ಎಂಬ ಮಾತು ಕೇಳಿಬರುತ್ತದೆ. ನೋಡುವುದು ಬಹಳ ಇದೆ. ಮುದ್ರಿಸಿಕೊಂಡು, ಮನೆಯವರೆಲ್ಲ ಕುಳಿತು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ಹಳೆಯ ಮೂಲಪತ್ರದ ಜೊತೆ ತಾಳೆ ನೋಡಬೇಕು.

ಅತಿ ಹೆಚ್ಚು ತಪ್ಪು ಉಳಿಯುವುದು ಪತ್ರದ ಕೊನೆಯ ಷೆಡ್ಯೂಲಿನಲ್ಲಿ. ಮೊದಲ ಪುಟಗಳಲ್ಲಿ ಹೆಸರು, ವಯಸ್ಸು, ತಂದೆಯ ಹೆಸರು ಎಲ್ಲರೂ ನೋಡುತ್ತಾರೆ. ಷೆಡ್ಯೂಲಿಗೆ ಬರುವಷ್ಟರಲ್ಲಿ ಕಣ್ಣು ದಣಿದಿರುತ್ತದೆ. ಆದರೆ ನೀವು ಕೊಂಡದ್ದೇನು ಎಂದು ನಾಳೆ ನ್ಯಾಯಾಲಯ ತಿಳಿಯುವುದು ಆ ಒಂದು ಪುಟದಿಂದ. ಸೈಟು ನಂಬರು, ಖಾತೆ ನಂಬರು, ಸರ್ವೆ ನಂಬರು, ಅಳತೆ, ಮತ್ತೆ ಚೆಕ್ಕುಬಂದಿ: ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರ ಸ್ವತ್ತು, ಉತ್ತರಕ್ಕೆ ರಸ್ತೆಯೇ ಓಣಿಯೇ, ದಕ್ಷಿಣಕ್ಕೆ ಎಷ್ಟನೇ ನಂಬರಿನ ಸೈಟು. ಮೂವತ್ತು ವರ್ಷದ ಹಿಂದಿನ ಪತ್ರದಲ್ಲಿ ‘ಖಾಲಿ ಜಾಗ’ ಎಂದಿದ್ದ ಕಡೆ ಈಗ ಮೂರಂತಸ್ತಿನ ಕಟ್ಟಡ ಇರಬಹುದು. ಆಗ ಹಳೆಯ ವಿವರ ಇಟ್ಟುಕೊಂಡು, ‘ಹಾಲಿ ಇಂಥ ನಂಬರಿನ ಕಟ್ಟಡ’ ಎಂದು ಸೇರಿಸಬೇಕು. ಪೂರ್ವಪಶ್ಚಿಮ ಮೂವತ್ತು ಅಡಿ, ಉತ್ತರದಕ್ಷಿಣ ನಲವತ್ತು ಅಡಿ ಎಂಬುದು ಅದಲುಬದಲಾದ ಪತ್ರಗಳು ಅಪರೂಪವಲ್ಲ. ಅಂಥ ತಪ್ಪನ್ನು ಆಮೇಲೆ ಸರಿಪಡಿಸಲು ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರು ಮತ್ತೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಅವರು ಊರು ಬಿಟ್ಟಿರಬಹುದು, ಮನಸ್ಸು ಬದಲಾಯಿಸಿರಬಹುದು, ತೀರಿಕೊಂಡಿರಲೂಬಹುದು. ಟೇಪು ಹಿಡಿದು ಸ್ಥಳಕ್ಕೆ ಹೋಗಿ ಒಮ್ಮೆ ಅಳೆದು ನೋಡುವುದರಲ್ಲಿ ಸಂಕೋಚ ಬೇಡ.

ಫ್ಲ್ಯಾಟ್ ಆದರೆ ಷೆಡ್ಯೂಲು ಒಂದಲ್ಲ, ಮೂರೋ ನಾಲ್ಕೋ ಇರುತ್ತವೆ: ಇಡೀ ಜಮೀನು, ಅದರಲ್ಲಿ ನಿಮಗೆ ಬರುವ ಅವಿಭಜಿತ ಪಾಲು, ನಿಮ್ಮ ಫ್ಲ್ಯಾಟು, ಕಾರು ನಿಲ್ಲಿಸುವ ಜಾಗ. ಅವಿಭಜಿತ ಪಾಲು ಎಷ್ಟು ಚದರಡಿ ಎಂದು ಅಂಕಿಯಲ್ಲಿ ಇದೆಯೇ ನೋಡಿ. ಮಾತುಕತೆಯಲ್ಲಿ ಹೇಳಿದ ಸೂಪರ್ ಬಿಲ್ಟ್ ಅಪ್ ಅಳತೆಯ ಜೊತೆ ಕಾರ್ಪೆಟ್ ಏರಿಯಾವೂ ಇರಲಿ. 2016ರ ರೇರಾ ಕಾಯ್ದೆ ಮಾನ್ಯಮಾಡುವ ಅಳತೆ ಕಾರ್ಪೆಟ್ ಏರಿಯಾ. ಬಿಲ್ಡರ್ ಒಸಿ, ಅಂದರೆ ಸ್ವಾಧೀನಾನುಭವ ಪತ್ರ ಪಡೆದಿದ್ದಾರೆಯೇ ಎಂಬುದು ಇನ್ನೊಂದು ದೊಡ್ಡ ಪ್ರಶ್ನೆ. ‘ಒಸಿ ಆಮೇಲೆ ಬರುತ್ತೆ, ಈಗ ರಿಜಿಸ್ಟರ್ ಮಾಡಿಸ್ಕೊಳ್ಳಿ’ ಎಂಬುದನ್ನು ಒಪ್ಪಬೇಡಿ. ಒಸಿ ಇದ್ದರೆ ಮಾತ್ರ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಮೇಲೆ ಕರ್ನಾಟಕದಲ್ಲಿ ಹೊಸ ಮನೆ ಕಟ್ಟಿದ ಎಷ್ಟೋ ಜನ ಕರೆಂಟಿಗಾಗಿ ಅಲೆದದ್ದನ್ನು ನೋಡಿದ್ದೇವೆ.

ಯಾರ ಸಹಿ ಬೇಕು

ನಮ್ಮ ಊರುಗಳ ಸ್ವತ್ತಿನ ವ್ಯಾಜ್ಯಗಳ ಬೇರು ಹುಡುಕಿದರೆ ಬಹುಪಾಲು ಸಿಗುವುದು ಸಹಿ ಹಾಕದೆ ಉಳಿದವರಲ್ಲಿ. ಅವರಲ್ಲೂ ಹೆಚ್ಚಿನವರು ಮದುವೆಯಾಗಿ ಹೋದ ಹೆಣ್ಣುಮಕ್ಕಳು.

ಪಿತ್ರಾರ್ಜಿತ ಸ್ವತ್ತಿನಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ತಂದೆ 2005ರಲ್ಲಿ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ, ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ತೀರ್ಪು ಕೊಟ್ಟಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮಬದ್ಧವಾಗಿ ವಿಭಾಗವಾದ ಅಥವಾ ಮಾರಾಟವಾದ ಸ್ವತ್ತುಗಳಿಗೆ ಮಾತ್ರ ರಿಯಾಯಿತಿ ಇದೆ. ಆದರೂ ಇವತ್ತಿಗೂ ಅಣ್ಣತಮ್ಮಂದಿರು ಮೂವರೇ ಬಂದು, ‘ಅಕ್ಕಂಗೆ ಮದುವೇಲೇ ಎಲ್ಲ ಕೊಟ್ಟಿದೀವಿ, ಅವಳದೇನೂ ತಕರಾರಿಲ್ಲ’ ಎಂದು ಕ್ರಯಪತ್ರ ಬರೆದುಕೊಡುವುದು ನಡೆಯುತ್ತಲೇ ಇದೆ. ತಕರಾರಿಲ್ಲದಿದ್ದರೆ ಆ ಅಕ್ಕನೂ ಬರಲಿ. ಮಾರುವವರಲ್ಲಿ ಒಬ್ಬರಾಗಿ ಸಹಿ ಹಾಕಲಿ, ತನ್ನ ಪಾಲಿನ ಹಣ ತನ್ನ ಖಾತೆಗೆ ಪಡೆಯಲಿ. ಇಲ್ಲವೇ ಮೊದಲೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಲಿ. ಕಾನೂನಿನ ದೃಷ್ಟಿಯಿಂದಷ್ಟೇ ಈ ಮಾತು ಹೇಳುತ್ತಿಲ್ಲ. ಒಬ್ಬ ಹೆಣ್ಣುಮಗಳ ಪಾಲು ಅವಳಿಗೆ ಸಲ್ಲುವುದು ನ್ಯಾಯ, ಕೊಳ್ಳುವವರು ಅದರಲ್ಲಿ ಭಾಗಿಗಳಾಗುವುದು ಒಳ್ಳೆಯದು. ಸ್ವತ್ತು ಮಾರುವವರ ಸ್ವಯಾರ್ಜಿತವಾದರೆ ಈ ಪ್ರಶ್ನೆ ಬರುವುದಿಲ್ಲ. ಆದರೆ ಸ್ವಯಾರ್ಜಿತವೇ ಎಂಬುದು ಅವರ ಬಾಯಿಮಾತಿನಿಂದಲ್ಲ, ಅವರು ಕೊಂಡ ಪತ್ರದಿಂದ ತಿಳಿಯಬೇಕು. ಜೊತೆಗೆ ವಂಶವೃಕ್ಷದ ದೃಢೀಕರಣ ಕೇಳಿ.

ಮೈನರ್ ಮಕ್ಕಳ ಪಾಲು ಇದ್ದರೆ ನ್ಯಾಯಾಲಯದ ಅನುಮತಿಯಿಲ್ಲದೆ ತಂದೆತಾಯಿ ಅದನ್ನು ಮಾರುವುದು ಅಪಾಯ. ಮಗು ದೊಡ್ಡದಾದ ಮೇಲೆ ಪ್ರಶ್ನಿಸಬಹುದು. ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿಯಿಲ್ಲದೆ ಆ ಜಮೀನು ಕೈ ಬದಲಾಗಿದ್ದರೆ, ಎಷ್ಟು ಕೈ ದಾಟಿದ್ದರೂ ಮೂಲದವರಿಗೆ ಹಿಂದಿರುಗಿಸಲು ಅವಕಾಶವಿದೆ. ಬಡಾವಣೆಯ ಸೈಟಿನ ಮೇಲೆ ಕಟ್ಟಿದ ಮನೆಯಾದರೂ ಅಡಿಯಲ್ಲಿರುವ ಜಮೀನಿನ ಚರಿತ್ರೆ ನೋಡಲೇಬೇಕು ಎನ್ನುವುದು ಇದಕ್ಕೇ.

ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ ಹಿಡಿದು ಬರುವವರ ವಿಷಯ ಬೇರೆ. ಮಾಲೀಕರ ಪರವಾಗಿ ಸಹಿ ಹಾಕಲು ಜಿಪಿಎ ಕೊಡಬಹುದು, ಆದರೆ ಜಿಪಿಎಯಿಂದಲೇ ಸ್ವತ್ತಿನ ಹಕ್ಕು ಯಾರಿಗೂ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೊಟ್ಟವರು ತೀರಿಕೊಂಡರೆ ಜಿಪಿಎಯೂ ಸಾಮಾನ್ಯವಾಗಿ ಅಲ್ಲಿಗೆ ಮುಗಿಯಿತು. ಆದ್ದರಿಂದ ಆ ದಿನ ಮಾಲೀಕರು ಬದುಕಿದ್ದಾರೆ, ಅಧಿಕಾರ ಹಿಂತೆಗೆದುಕೊಂಡಿಲ್ಲ ಎಂಬುದಕ್ಕೆ ಆಧಾರ ಕೇಳಿ. ವಿಡಿಯೊ ಕರೆಯಲ್ಲಿ ಅವರೊಂದಿಗೆ ನೇರವಾಗಿ ಮಾತಾಡಿ. ವಿದೇಶದಲ್ಲಿರುವ ಕನ್ನಡಿಗರು ಊರಿನ ಮನೆ ಮಾರುವಾಗಲೂ ಕೊಳ್ಳುವಾಗಲೂ ಇದು ಬರುತ್ತದೆ. ಅವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೋ ನೋಟರಿಯ ಎದುರೋ ದೃಢೀಕರಿಸಿ ಕಳಿಸಿದ ಅಧಿಕಾರ ಪತ್ರ ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಿಕೊಳ್ಳಬೇಕು. ವಯಸ್ಸಾದ, ಹಾಸಿಗೆ ಹಿಡಿದ ಮಾರಾಟಗಾರರಿದ್ದರೆ ಜಿಪಿಎಗಿಂತ ಒಳ್ಳೆಯ ದಾರಿ ಇದೆ. ವಿಶೇಷ ಕಾರಣವಿದ್ದರೆ ಉಪನೋಂದಣಾಧಿಕಾರಿ ಮನೆಗೇ ಬಂದು ಸಹಿ, ಹೆಬ್ಬೆಟ್ಟು ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಅಜ್ಜಂದಿರನ್ನು ಕುರ್ಚಿಯಲ್ಲಿ ಕೂರಿಸಿ ಎರಡನೇ ಮಹಡಿಗೆ ಹೊತ್ತು ತರುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಇ.ಸಿ. ಮತ್ತು ಖಾತೆ ಬಗ್ಗೆ ಎರಡು ಮಾತು. ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರವನ್ನು 2004ರ ಏಪ್ರಿಲ್‌ನಿಂದ ಈಚಿನ ಅವಧಿಗೆ ಕಾವೇರಿಯಲ್ಲಿ ಮನೆಯಿಂದಲೇ ಪಡೆಯಬಹುದು. ಅದಕ್ಕೂ ಹಿಂದಿನದಕ್ಕೆ ಬೇರೆಯಾಗಿ ಅರ್ಜಿ ಹಾಕಿ ಪಡೆದು, ಕನಿಷ್ಠ ಮೂವತ್ತು ವರ್ಷದ್ದು ನೋಡಬೇಕು. ರಿಜಿಸ್ಟ್ರೇಷನ್ನಿನ ಹಿಂದಿನ ದಿನ ಮತ್ತೊಮ್ಮೆ ಹೊಸ ಇ.ಸಿ. ತೆಗೆಯಿರಿ, ನಡುವೆ ಬೇರೆಯವರಿಗೆ ಏನಾದರೂ ಬರೆದುಕೊಟ್ಟಿದ್ದರೆ ಗೊತ್ತಾಗುತ್ತದೆ. ನೋಂದಣಿಯಾಗದ ಕರಾರು, ಕೋರ್ಟಿನ ದಾವೆ, ಮೂಲಪತ್ರ ಬರಿದೇ ಇಟ್ಟು ತೆಗೆದ ಕೈಸಾಲ ಇವು ಇ.ಸಿ.ಯಲ್ಲಿ ಕಾಣದೇ ಹೋಗಬಹುದು. ಅದಕ್ಕಾಗಿಯೇ ಮೂಲಪತ್ರವನ್ನು, ಜೆರಾಕ್ಸ್ ಅಲ್ಲ, ಕಣ್ಣಾರೆ ನೋಡಬೇಕು. ಇನ್ನು ಖಾತೆ: 2024ರ ಅಕ್ಟೋಬರ್‌ನಿಂದ ನಗರ ಪ್ರದೇಶಗಳಲ್ಲಿ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ; ಗ್ರಾಮ ಪಂಚಾಯಿತಿಯಲ್ಲಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಒಂದೇ ಸೈಟನ್ನು ಇಬ್ಬರು ಮೂವರಿಗೆ ಮಾರುವ ಮೋಸಕ್ಕೆ ಇದು ತಕ್ಕಮಟ್ಟಿಗೆ ಕಡಿವಾಣ ಹಾಕಿದೆ. ಆದರೆ ಖಾತೆ ತೆರಿಗೆಯ ಲೆಕ್ಕದ ದಾಖಲೆ. ಅದನ್ನೇ ಹಕ್ಕುಪತ್ರ ಎಂದು ತಿಳಿಯಬಾರದು.

ದುಡ್ಡಿನ ಲೆಕ್ಕ

ಮನೆಯ ಬೆಲೆ ಹೊಂದಿಸಿಟ್ಟವರು ರಿಜಿಸ್ಟ್ರೇಷನ್ ಖರ್ಚಿನ ಮೊತ್ತ ಕೇಳಿ ಬೆಚ್ಚಿಬೀಳುತ್ತಾರೆ. ನಗರದಲ್ಲಿ 80 ಲಕ್ಷ ರೂಪಾಯಿಯ ಮನೆ ಎನ್ನೋಣ. ಮುದ್ರಾಂಕ ಶುಲ್ಕ ಶೇ 5, ಅಂದರೆ 4 ಲಕ್ಷ. ಆ ಶುಲ್ಕದ ಮೇಲೆ ಶೇ 10 ಸೆಸ್, 40 ಸಾವಿರ. ಶೇ 2 ಸರ್ಚಾರ್ಜ್, 8 ಸಾವಿರ. ಹಳ್ಳಿಯಾದರೆ ಈ ಸರ್ಚಾರ್ಜ್ ಶೇ 3. ನೋಂದಣಿ ಶುಲ್ಕ ಮೊದಲು ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ, ಅದು 1 ಲಕ್ಷ 60 ಸಾವಿರ. ಒಟ್ಟು 6 ಲಕ್ಷ 8 ಸಾವಿರ ರೂಪಾಯಿ. ಹೊಸ ಫ್ಲ್ಯಾಟಿನ ಮೊದಲ ಮಾರಾಟವಾಗಿದ್ದು ಬೆಲೆ 45 ಲಕ್ಷದೊಳಗಿದ್ದರೆ ಮುದ್ರಾಂಕ ಶುಲ್ಕದಲ್ಲಿ ರಿಯಾಯಿತಿ ಇದೆ.

ಬ್ಯಾಂಕು ಈ ಖರ್ಚಿಗೆ ಸಾಮಾನ್ಯವಾಗಿ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30ರಿಂದ 75 ಲಕ್ಷದವರೆಗಿನ ಸಾಲ ಮನೆಯ ಬೆಲೆಯ ಶೇ 80 ಮೀರುವಂತಿಲ್ಲ. 80 ಲಕ್ಷದ ಮನೆಗೆ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ, ಮೇಲಿನ 6 ಲಕ್ಷ ಚಿಲ್ಲರೆ, ಎರಡೂ ಸೇರಿ 22 ಲಕ್ಷಕ್ಕೂ ಹೆಚ್ಚು ನಿಮ್ಮ ಕೈಯಿಂದಲೇ ಬರಬೇಕು. ವಕೀಲರ ಫೀಜು, ಬ್ರೋಕರ್ ಕಮಿಷನ್, ಬ್ಯಾಂಕಿನ ಅಡಮಾನ ನೋಂದಣಿಯ ಶುಲ್ಕ ಇದಕ್ಕೆ ಹೊರತು. ಮುಂಗಡ ಕೊಡುವ ಮೊದಲೇ ಈ ಲೆಕ್ಕ ಹಾಕಿ.

ಸ್ವತ್ತಿನ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇದು ಮಾರುವವರಿಗೆ ಕೊಡುವ ಹಣದಿಂದಲೇ ಕಳೆಯುವ ಮೊತ್ತ. ಮರೆತರೆ ಬಡ್ಡಿ, ದಂಡ ಬೀಳುವುದು ನಿಮಗೆ. ಮಾರುವವರು ಅನಿವಾಸಿಯಾಗಿದ್ದರೆ ಹಿಡಿಯಬೇಕಾದ ತೆರಿಗೆ ಇದಕ್ಕಿಂತ ಬಹಳ ಹೆಚ್ಚು, ನಿಯಮವೂ ಬೇರೆ. ಲೆಕ್ಕಪರಿಶೋಧಕರನ್ನು ಕೇಳದೆ ಆ ವ್ಯವಹಾರಕ್ಕೆ ಕೈಹಾಕಬೇಡಿ.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಿದ್ದೂ ಯಾರೂ ಬರೆಯದ್ದು. ‘ಪತ್ರದಲ್ಲಿ ಇಷ್ಟೇ ತೋರಿಸೋಣ, ಉಳಿದದ್ದು ಕ್ಯಾಷ್ ಕೊಡಿ’ ಎಂಬ ಬೇಡಿಕೆ. ಶುಲ್ಕ ಕಟ್ಟಬೇಕಾದದ್ದು ನಿಜವಾದ ಬೆಲೆ ಮತ್ತು ಸರ್ಕಾರದ ಮಾರ್ಗಸೂಚಿ ಬೆಲೆ, ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಮಾರ್ಗಸೂಚಿ ಬೆಲೆಗಿಂತ ತೀರಾ ಕಡಿಮೆ ತೋರಿಸಿದರೆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದೇ ಎಣಿಸಿ ತೆರಿಗೆ ಹಾಕಬಹುದು. ವ್ಯವಹಾರ ಮುರಿದರೆ ನಗದಾಗಿ ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ನಾಳೆ ನೀವೇ ಮಾರುವಾಗ ಕೊಂಡ ಬೆಲೆ ಕಡಿಮೆ ಕಂಡು ನಿಮ್ಮ ಲಾಭದ ತೆರಿಗೆ ಏರುತ್ತದೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ವಿದ್ಯಾಸಂಸ್ಥೆಯ ಸ್ವತ್ತಿಗೆ ಸಂಬಂಧಿಸಿದ ಮೊಕದ್ದಮೆಯಲ್ಲಿ 75 ಲಕ್ಷ ರೂಪಾಯಿ ಮುಂಗಡವನ್ನು ನಗದಾಗಿ ಕೊಟ್ಟಿದ್ದೇವೆ ಎಂದು ಒಂದು ಕಡೆಯವರು ಹೇಳಿಕೊಂಡಿದ್ದರು. 2025ರ ಏಪ್ರಿಲ್ 16ರ ಆ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ಥಿರಾಸ್ತಿ ಪತ್ರದಲ್ಲಿ 2 ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ನಗದಿನ ಉಲ್ಲೇಖ ಕಂಡರೆ ಉಪನೋಂದಣಾಧಿಕಾರಿ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ಆದೇಶಿಸಿತು. ನೋಂದಣಿ ಅಧಿಕಾರಿಯ ಮುಂದೆ ಬೇಕೆಂದೇ ಸುಳ್ಳು ಹೇಳಿಕೆ ಕೊಟ್ಟವರಿಗೆ ಏಳು ವರ್ಷದವರೆಗೆ ಜೈಲು ಶಿಕ್ಷೆ ವಿಧಿಸಲು ನೋಂದಣಿ ಕಾಯ್ದೆಯಲ್ಲೇ ಅವಕಾಶವಿದೆ. ಪೂರ್ತಿ ಹಣ ಬ್ಯಾಂಕಿನ ಮೂಲಕ ಹೋಗಲಿ.

ಕಚೇರಿಯಲ್ಲಿ

ಆ ದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮುನ್ನ ಮನೆಗೆ ಒಂದು ಸಲ ಹೋಗಿಬನ್ನಿ. ಬಾಡಿಗೆದಾರರು ನಿಜವಾಗಿ ಬಿಟ್ಟಿದ್ದಾರೆಯೇ, ಕೊಡುತ್ತೇವೆ ಎಂದ ಗೀಸರು, ಫ್ಯಾನು, ಬೀರು ಅಲ್ಲೇ ಇವೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡಿ. ಖಾಲಿ ಸ್ವಾಧೀನ ಎಂದು ಪತ್ರದಲ್ಲಿ ಬರೆದು, ಸಹಿಯಾದ ಮೇಲೆ ಒಳಗೆ ಬೇರೆ ಸಂಸಾರ ಕಂಡರೆ ಬಿಡಿಸುವ ಹೊಣೆ ನಿಮ್ಮದಾಗುತ್ತದೆ. ಆ ದಿನದವರೆಗಿನ ಕಂದಾಯ, ಕರೆಂಟು, ನೀರು, ಅಪಾರ್ಟ್‌ಮೆಂಟಿನ ನಿರ್ವಹಣಾ ವೆಚ್ಚ ಮಾರುವವರದು. ರಸೀದಿ, ಸಂಘದಿಂದ ಬಾಕಿ ಇಲ್ಲವೆಂಬ ಪತ್ರ ಕೇಳಿ ಪಡೆಯಿರಿ.

ಆಧಾರ್, ಪ್ಯಾನ್ ಕಾರ್ಡುಗಳ ಮೂಲ ಇರಲಿ. ಗುರುತಿಸಲು ಇಬ್ಬರು ಸಾಕ್ಷಿಗಳು ಗುರುತಿನ ಚೀಟಿ ಸಮೇತ ಬರಬೇಕು. ನಿಮ್ಮನ್ನೂ ಮಾರುವವರನ್ನೂ ನಿಜವಾಗಿ ಬಲ್ಲವರನ್ನೇ ಕರೆತನ್ನಿ. ಕಚೇರಿಯ ಹೊರಗೆ ಸಿಗುವವರ ಸಹಿ ಹಾಕಿಸಿದರೆ ಹತ್ತು ವರ್ಷದ ನಂತರ ಕೋರ್ಟಿಗೆ ಅವರನ್ನು ಎಲ್ಲಿಂದ ತರುತ್ತೀರಿ? ಎಲ್ಲ ಶುಲ್ಕವೂ ಆನ್‌ಲೈನಿನಲ್ಲಿ ಸರ್ಕಾರದ ಖಜಾನೆಗೆ ಹೋಗಿರುತ್ತದೆ. ಅಲ್ಲಿಂದಾಚೆ ರಸೀದಿ ಇಲ್ಲದೆ ಯಾರಿಗೂ ಏನೂ ಕೊಡಬೇಕಾಗಿಲ್ಲ.

ಮೇಜಿನ ಮುಂದೆ ಒಂದು ಇಕ್ಕಟ್ಟಿನ ಕ್ಷಣ ಬರುತ್ತದೆ. ಹಣ ಕೈಗೆ ಬಾರದೆ ಸಹಿ ಹಾಕುವುದು ಹೇಗೆ ಎಂದು ಮಾರುವವರಿಗೆ, ಸಹಿಯಾಗದೆ ಹಣ ಕೊಡುವುದು ಹೇಗೆ ಎಂದು ನಿಮಗೆ. ರೂಢಿಯಲ್ಲಿರುವ ದಾರಿ ಒಳ್ಳೆಯದೇ. ಡಿ.ಡಿ.ಗಳನ್ನು ಮೊದಲೇ ತೆಗೆಸಿ, ಅವುಗಳ ನಂಬರು, ತಾರೀಕು, ಬ್ಯಾಂಕಿನ ಹೆಸರು ಪತ್ರದಲ್ಲಿ ನಮೂದಿಸಿ, ಮಾರುವವರಿಗೆ ತೋರಿಸಿ, ಅವರು ಅಧಿಕಾರಿಯ ಎದುರು ಒಪ್ಪಿಕೊಂಡ ಕೂಡಲೇ ಅಲ್ಲೇ ಕೊಡುವುದು. ಅಧಿಕಾರಿಯ ಸಮ್ಮುಖದಲ್ಲಿ ಹಣ ಸಂದಾಯವಾದರೆ ಅದನ್ನು ಪತ್ರದ ಮೇಲೆ ಷರಾ ಬರೆಸಲು ಕಾಯ್ದೆಯಲ್ಲಿ ಅವಕಾಶವಿದೆ, ಕೇಳಿ ಬರೆಸಿಕೊಳ್ಳಿ. ಬ್ಯಾಂಕ್ ಸಾಲವಾದರೆ ಅವರ ಪ್ರತಿನಿಧಿಯೇ ಡಿ.ಡಿ. ತರುತ್ತಾರೆ. ಮಾರುವವರ ಹಳೆಯ ಸಾಲ ಬಾಕಿಯಿದ್ದರೆ ಹಣದ ಒಂದು ಭಾಗ ನೇರ ಅವರ ಬ್ಯಾಂಕಿಗೆ ಹೋಗಬೇಕು. ಆಗ ಮೂಲಪತ್ರಗಳು ಅದೇ ದಿನ ಸಿಗದಿರಬಹುದು. ಯಾವ ಯಾವ ಪತ್ರಗಳು ತಮ್ಮ ಬಳಿ ಇವೆ ಎಂಬ ಪಟ್ಟಿಯನ್ನು ಆ ಬ್ಯಾಂಕಿನಿಂದ ಲಿಖಿತವಾಗಿ ಪಡೆದಿರಬೇಕು. ಸಾಲವಿಲ್ಲದಿದ್ದರೆ ಹಣ ಕೊಟ್ಟ ಗಳಿಗೆಯಲ್ಲೇ ಎಲ್ಲ ಮೂಲಪತ್ರ ಮತ್ತು ಬೀಗದ ಕೈ ನಿಮ್ಮ ಕೈಗೆ ಬರಬೇಕು. ‘ನಾಳೆ ಮನೆಗೆ ಬಂದು ತಗೊಳ್ಳಿ’ ಎಂದರೆ ಡಿ.ಡಿ.ಯೂ ನಾಳೆಯೇ.

ಪತ್ರಕ್ಕೆ ದಸ್ತಾವೇಜು ಸಂಖ್ಯೆ ಬಿದ್ದು ನೋಂದಣಿ ಮುಗಿದ ಮೇಲೆ ಹೆಸರು, ಷೆಡ್ಯೂಲು, ಸಂಖ್ಯೆ ಅಲ್ಲೇ ನಿಂತು ಮತ್ತೊಮ್ಮೆ ಓದಿ. ಎಲ್ಲರೂ ಇನ್ನೂ ಅಲ್ಲೇ ಇರುತ್ತಾರೆ.

ಮನೆಗೆ ಬಂದು ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿ. 2023ರಲ್ಲಿ ಕಾವೇರಿಯ ಕ್ರಯಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಕಳ್ಳರು ಜನರ ಬ್ಯಾಂಕ್ ಖಾತೆಯಿಂದ ಹಣ ಎತ್ತಿದ ಪ್ರಕರಣಗಳು ಬೆಂಗಳೂರಿನಲ್ಲಿ ನಡೆದವು. ಆಮೇಲೆ ಇಲಾಖೆ ಗುರುತುಗಳನ್ನು ಮರೆಮಾಡುವ ಕ್ರಮ ಕೈಗೊಂಡಿತು. ಆದರೂ ಲಾಕ್ ಮಾಡುವುದು ಎರಡು ನಿಮಿಷದ ಕೆಲಸ.

ಕೆಲವು ದಿನ ಬಿಟ್ಟು ಹೊಸ ಇ.ಸಿ. ತೆಗೆದು ನಿಮ್ಮ ಹೆಸರು ಬಂದಿದೆಯೇ ನೋಡಿ. ಖಾತೆ ನಿಮ್ಮ ಹೆಸರಿಗೆ ಆಗುವವರೆಗೆ ಬೆನ್ನು ಬಿಡಬೇಡಿ. ಖಾತೆ ಬದಲಾಯಿಸದೆ ಹದಿನೈದು ವರ್ಷ ಹಳೆಯ ಮಾಲೀಕರ ಹೆಸರಲ್ಲೇ ಕಂದಾಯ ಕಟ್ಟುತ್ತಿರುವವರು ಎಷ್ಟೋ ಜನ ಇದ್ದಾರೆ. ಸಾಲ ಪಡೆದಿದ್ದರೆ ನಿಮ್ಮ ಮೂಲಪತ್ರ ಬ್ಯಾಂಕಿನಲ್ಲಿ ಇರುತ್ತದೆ. ಕೊಟ್ಟ ಪತ್ರಗಳ ಪಟ್ಟಿಗೆ ಬ್ಯಾಂಕಿನ ಮೊಹರು ಹಾಕಿಸಿ ಜೋಪಾನವಾಗಿಡಿ, ಮನೆಯವರಿಗೂ ಅದು ಎಲ್ಲಿದೆ ಎಂದು ಹೇಳಿರಿ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಪತ್ರಗಳನ್ನು ಹಿಂದಿರುಗಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ ವಿಧಿಸಿದ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಆ ದಿನ ಬಂದಾಗ ಪತ್ರಗಳ ಜೊತೆಗೆ, ಇ.ಸಿ.ಯಿಂದ ಅಡಮಾನ ತೆಗೆಸುವ ಬಿಡುಗಡೆ ಪತ್ರವನ್ನೂ ಕೇಳಿ ನೋಂದಾಯಿಸಿಕೊಳ್ಳಿ.